ಕೋಲಾಟದ ವೇಳೆಯನ್ನು ಬಿಡಿಸಬೇಡಿರಿ



ಹತ್ತನೆಯ ತರಗತಿಯ ಹುಡುಗಿಯರನ್ನು ಡ್ರಿಲ್ಲಿನಿಂದಲೂ ಕೋಲಾಟದಿಂದಲೂ ಬಿಡಿಸಿ ಆ ವೇಳೆಯನ್ನು ಗಣಿತಕ್ಕೆ ಕೊಡಬೇಕೆಂದು ಪ್ರತಿ ವರುಷವೂ ಕೆಲವು ತಾಯಿತಂದೆಗಳು ಬಂದು ಅರಿಕೆ ಮಾಡುತ್ತಾರೆ. ಒಂದು ವರುಷ ನಾನೂ ಅದಕ್ಕೆ ಒಡಂಬಟ್ಟೆನು. ಅದು ತಪ್ಪೆಂದು ಈಗ ಬಲ್ಲೆನು. ಕಾರಣವನ್ನು ತಿಳಿಸುವುದು ನನ್ನ ಕರ್ತವ್ಯ.

ನಾವು ಉಂಡ ಅನ್ನವು ಸಕ್ಕರೆಯಾಗಿ ರಕ್ತವನ್ನು ಸೇರುತ್ತದೆ. ಅದನ್ನು ಸ್ನಾಯುಗಳೊಳಕ್ಕೆ ಹೊಗಿಸುವುದು ಮೇದೋಜೀರಕದಲ್ಲಿ ಹುಟ್ಟುವ ಇನ್ಸುಲಿನ್ ಎಂಬ ಹಾರ್ಮೋನು. 1921ರಲ್ಲಿ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬವರು ಇದನ್ನು ಬೇರ್ಪಡಿಸಿದರು. ದುಡಿಯುವ ಸ್ನಾಯುವಾದರೋ ಈ ಹಾರ್ಮೋನಿಗಾಗಿ ಕಾದು ಕುಳಿತಿರದೆ ಸಕ್ಕರೆಯನ್ನು ತಾನೇ ಸೆಳೆದುಕೊಳ್ಳುತ್ತದೆ. ಆಟ ಮುಗಿದ ಮೇಲೂ ಹಲವು ಗಂಟೆಗಳವರೆಗೆ ಅಲ್ಪ ಇನ್ಸುಲಿನ್ನಿಗೇ ಓಗೊಡುತ್ತದೆ. ಸದಾ ಕುಳಿತಿರುವ ಮೈಯಲ್ಲಿ ಇದಕ್ಕೆ ವಿಪರೀತ. ಅಷ್ಟೇ ಕೆಲಸಕ್ಕೆ ಹೆಚ್ಚು ಹೆಚ್ಚು ಇನ್ಸುಲಿನ್ ಬೇಕಾಗುತ್ತದೆ. ಮುಂದೆ ಹಲವರಿಗೆ ಅದೇ ಸಿಹಿಮೂತ್ರ ರೋಗಕ್ಕೆ ದಾರಿಯಾಗುತ್ತದೆ.

ಹಾಗಾದರೆ ಹಾಡೇಕೆ ಎಂದು ಕೇಳುವಿರಿ. ಹಾಡು ತಾನಾಗಿ ಹಾರ್ಮೋನುಗಳನ್ನು ತಿದ್ದುತ್ತದೆಂದು ನಾನು ಹೇಳೆನು. ಆ ಕುರಿತು ನಡೆದ ಪ್ರಯೋಗಗಳ ಫಲಗಳು ಒಂದೇ ಬಗೆಯಾಗಿಲ್ಲ. ಹಾಡಿನ ಉಪಕಾರ ಬೇರೆ. ನ್ಯೂಯಾರ್ಕಿನಲ್ಲಿ ನಡೆದ ಆರು ದಿನಗಳ ಬೈಸಿಕಲ್ ಪಂದ್ಯವೊಂದರ ಲೆಕ್ಕವನ್ನು ಲಿಯೊನಾರ್ಡ್ ಏರ್ಸ್ ಎಂಬವರು 1911ರಲ್ಲಿ ಪ್ರಕಟಿಸಿದರು. ವಾದ್ಯಗಳು ನುಡಿಯುತ್ತಿದ್ದಾಗ ಸವಾರರ ವೇಗ ಗಂಟೆಗೆ 19.6 ಮೈಲಿ, ವಾದ್ಯಗಳು ನಿಂತಾಗ 17.9 ಮೈಲಿ. ಮಿತವಾದ ಶ್ರಮದಲ್ಲಿ ಸಂಗೀತವು ಆಯಾಸದ ಅರಿವನ್ನು ತಗ್ಗಿಸುತ್ತದೆಂದು ಮುಂದಿನ ಪರಿಶೋಧನೆಗಳೂ ತೋರಿಸಿವೆ.

ನಮ್ಮ ಅಂಗಳದಲ್ಲಿಯೂ ನಾನು ಇದನ್ನೇ ಕಂಡಿದ್ದೇನೆ. ಬರಿಯ ಎಣಿಕೆಗೆ ಕೈಯೆತ್ತುವ ಹುಡುಗಿಯು ಹತ್ತು ನಿಮಿಷಗಳಲ್ಲಿ ನೆರಳನ್ನು ಹುಡುಕುವಳು. ಹಾರ್ಮೋನಿಯಂ ನುಡಿದರೆ ಗಂಟೆ ಹೊಡೆದರೂ ಕೋಲನ್ನು ಕೆಳಗಿಡಳು. ಕೋಲಾಟವನ್ನು ನಿಲ್ಲಿಸಿದ ಆ ವರುಷ ಗಣಿತದ ಪಾಠದಲ್ಲಿ ತೂಕಡಿಸಿದ ಮುಖಗಳು ಇನ್ನೂ ನನ್ನ ಕಣ್ಣ ಮುಂದಿವೆ. ಅಂಕಗಳೂ ಏರಲಿಲ್ಲ.

ಹದಿಹರೆಯದವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ತಿಳಿಸಿತು. 2016ರ ಲೆಕ್ಕದಂತೆ ಲೋಕದ ಶಾಲಾ ಬಾಲಕಿಯರಲ್ಲಿ 100ಕ್ಕೆ 85 ಮಂದಿ ಅಷ್ಟನ್ನು ಮಾಡುತ್ತಿರಲಿಲ್ಲ. ನಮ್ಮ ಮಕ್ಕಳನ್ನೂ ಆ ಸಾಲಿಗೆ ನಾವೇ ನೂಕಬೇಕೇ?

ಆದಕಾರಣ, ಪೋಷಕರೇ, ಆ ಅರಿಕೆಯನ್ನು ಇನ್ನು ನಾನು ನಡಿಸಿಕೊಡಲಾರೆನು; ಕ್ಷಮಿಸಬೇಕು. ಹಳೆಯ ವಿದ್ಯಾರ್ಥಿನಿಯರೇ, ನೀವು ಇಲ್ಲಿ ಕಲಿತ ಹೆಜ್ಜೆಗಳನ್ನು ಮರೆತಿರಲಾರಿರಿ. ಸಂಜೆಯ ವೇಳೆ ಒಂದು ಹಾಡು ಹಾಡಿ, ಮಗಳ ಕೈಹಿಡಿದು ಅವುಗಳನ್ನು ಮತ್ತೊಮ್ಮೆ ಇಡಿರಿ. ಅದು ಅವಳಿಗೂ ನಿಮಗೂ ಒಳ್ಳೇದು.