ಒಂದು ಕೊಳವೆಬಾವಿ, ಮೂರು ಪಾಲು: ಖರ್ಚು ಹಂಚುವ ಬಗೆ

ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ ಒಂದೇ ಕೊಳವೆಬಾವಿಯನ್ನು ಎರಡು ಮೂರು ಮನೆಯವರು ಬಳಸುವುದು ಹೊಸದಲ್ಲ. ಹೇಮಾವತಿ ನಾಲೆಯ ನೀರು ಹತ್ತದ ಮೇಲ್ಮಟ್ಟದ ಜಮೀನುಗಳಿಗೆ ಅದೇ ಆಧಾರ. ಅಣ್ಣತಮ್ಮಂದಿರು ಜಮೀನನ್ನು ಹಿಸ್ಸೆ ಮಾಡಿಕೊಳ್ಳಬಹುದು. ಬಾವಿಯನ್ನು ಹಿಸ್ಸೆ ಮಾಡಲು ಬರುವುದಿಲ್ಲ. ಅವರಲ್ಲೊಬ್ಬರು ತಮ್ಮ ಭಾಗವನ್ನು ಶುಂಠಿ ಬೆಳೆಯುವವರಿಗೆ ಒಂದು ಬೆಳೆಯ ಮಟ್ಟಿಗೆ ಬಿಟ್ಟುಕೊಟ್ಟರೆ ಬಾವಿಗೆ ಹೊಸ ಬಳಕೆದಾರರೊಬ್ಬರು ಬಂದಂತೆಯೇ ಸರಿ. ಕೃಷಿ ಜಮೀನನ್ನು ಗೇಣಿಗೆ ಕೊಡುವುದನ್ನು 1974ರ ಭೂಸುಧಾರಣಾ ತಿದ್ದುಪಡಿಯು ಬಹುಮಟ್ಟಿಗೆ ನಿಷೇಧಿಸಿರುವುದರಿಂದ ಇಂಥ ಒಪ್ಪಂದಗಳು ಬಾಯಿಮಾತಿನಲ್ಲೇ ನಡೆಯುತ್ತವೆ. ಬಾಯಿಮಾತಿನ ಒಪ್ಪಂದದಲ್ಲಿ ರಿಪೇರಿ ಖರ್ಚಿನ ಮಾತು ಬರುವುದೇ ಅಪರೂಪ.

ನೀರು ಬರುತ್ತಿರುವಷ್ಟು ದಿನ ಯಾರೂ ಲೆಕ್ಕ ಕೇಳುವುದಿಲ್ಲ. ಬೇಸಿಗೆಯಲ್ಲಿ ಮೋಟಾರು ಸುಟ್ಟ ದಿನ ಲೆಕ್ಕ ಶುರುವಾಗುತ್ತದೆ. ಯಾರು ಎಷ್ಟು ಕೊಡಬೇಕೆಂಬ ವಾದ ಹತ್ತು ಹದಿನೈದು ದಿನ ಎಳೆದರೆ, ಆಗ ತಾನೇ ಮೊಳೆತ ಶುಂಠಿಯೂ ಹೂ ಬಿಟ್ಟ ತರಕಾರಿಯೂ ಒಣಗುತ್ತವೆ. ರಿಪೇರಿಗೆ ಆಗುವ ಖರ್ಚಿಗಿಂತ ಈ ವಾದದಿಂದ ಆಗುವ ನಷ್ಟವೇ ದೊಡ್ಡದು.

ಈಗ ಹಳ್ಳಿಯ ಯುವಕರ ಕೈಯಲ್ಲಿರುವ ಮೊಬೈಲಿನಲ್ಲೇ ಎಕ್ಸೆಲ್, ಗೂಗಲ್ ಶೀಟ್ಸ್ ಮುಂತಾದ ಲೆಕ್ಕದ ಹಾಳೆಗಳು ದೊರೆಯುತ್ತವೆ. ಖರ್ಚು ಹಂಚಲು ಇವು ಒಳ್ಳೆಯ ಸಾಧನ. ಆದರೆ ಹಾಳೆ ಕೂಡಿಸಿ ಭಾಗಿಸಿ ಕೊಡುತ್ತದೆಯೇ ಹೊರತು ನ್ಯಾಯ ಹೇಳುವುದಿಲ್ಲ ಎಂಬುದನ್ನು ರೈತಬಾಂಧವರು ಮರೆಯಬಾರದು.

ಒಂದು ಉದಾಹರಣೆ ನೋಡೋಣ. ಒಂದು ಬಾವಿಗೆ ಮೂವರು. ಮೊದಲನೆಯವರಿಗೆ 2 ಎಕರೆ ತೆಂಗು, ಎರಡನೆಯವರಿಗೆ 1 ಎಕರೆ ತರಕಾರಿ, ಮೂರನೆಯ ಭಾಗದಲ್ಲಿ ಬೇರೆಯವರು ಮಾಡಿರುವ 1 ಎಕರೆ ಶುಂಠಿ. ಮೋಟಾರು ಓಡಿದ ಪ್ರತಿ 100 ಗಂಟೆಯಲ್ಲಿ ತೆಂಗಿಗೆ 20, ತರಕಾರಿಗೆ 30, ಶುಂಠಿಗೆ 50 ಗಂಟೆ. ಮೋಟಾರು ಎತ್ತಿ, ವೈಂಡಿಂಗ್ ಮಾಡಿಸಿ, ಮತ್ತೆ ಇಳಿಸಲು 12,000 ರೂಪಾಯಿ ಆಯಿತೆಂದು ಇಟ್ಟುಕೊಳ್ಳಿ. ತಲೆಗಿಷ್ಟು ಎಂದು ಹಂಚಿದರೆ ತಲಾ 4,000. ಎಕರೆಗಿಷ್ಟು ಎಂದರೆ 6,000, 3,000 ಮತ್ತು 3,000. ಗಂಟೆಗಿಷ್ಟು ಎಂದರೆ 2,400, 3,600 ಮತ್ತು 6,000. ಮೂರು ಲೆಕ್ಕವೂ ಗಣಿತದಲ್ಲಿ ಸರಿ. ತೆಂಗಿನವರು ಮಾತ್ರ ಒಂದರಲ್ಲಿ 6,000, ಇನ್ನೊಂದರಲ್ಲಿ 2,400 ತೆರುತ್ತಾರೆ. ಹಾಗಾದರೆ ಯಾವುದು ನ್ಯಾಯ?

ಖರ್ಚು ಯಾವುದರಿಂದ ಹುಟ್ಟಿತೋ ಅದೇ ಹಂಚಿಕೆಗೆ ಆಧಾರವಾಗಬೇಕು ಎಂಬುದು ನನ್ನ ಅಭಿಪ್ರಾಯ. ಬಾವಿ ಕೊರೆಸುವುದು, ಕೇಸಿಂಗ್ ಪೈಪು, ಸ್ಟಾರ್ಟರ್ ಪೆಟ್ಟಿಗೆಯ ಗೂಡು ಇವು ಜಮೀನಿನ ಜೊತೆ ಉಳಿಯುವ ಆಸ್ತಿ. ಇವುಗಳ ಖರ್ಚು ಬಾವಿಯ ಹಕ್ಕುದಾರರದು, ಅವರವರ ಹಕ್ಕಿನ ಪ್ರಮಾಣದಲ್ಲಿ. ಒಂದು ಬೆಳೆ ತೆಗೆದು ಹೋಗುವವರ ತಲೆಗೆ ಇದನ್ನು ಕಟ್ಟುವುದು ತಪ್ಪು. ವೈಂಡಿಂಗ್, ಬೇರಿಂಗ್, ಕೇಬಲ್ ಇವು ಓಡಿದಷ್ಟೂ ಸವೆಯುವಂಥವು. ಇವು ಗಂಟೆಯ ಲೆಕ್ಕಕ್ಕೆ ಬರಬೇಕು. ಗುತ್ತಿಗೆಯವರೂ ಇದರಿಂದ ತಪ್ಪಿಸಿಕೊಳ್ಳುವಂತಿಲ್ಲ. ಕವಲೊಡೆದ ನಂತರದ ಪೈಪು, ಹನಿ ನೀರಾವರಿಯ ಕೊಳವೆಗಳು ಅವರವರ ಸ್ವಂತ. ಸಂಕ್ಷೇಪವಾಗಿ, ಬಾಳುವ ವಸ್ತುವಿನ ಖರ್ಚು ಒಡೆಯರದು, ಸವೆತದ ಖರ್ಚು ಬಳಸಿದವರದು.

ಇಲ್ಲೊಂದು ಎಚ್ಚರಿಕೆ. ಮೋಟಾರು ಸುಟ್ಟ ತಿಂಗಳ ಗಂಟೆಗಳನ್ನಷ್ಟೇ ಹಿಡಿಯಬಾರದು. ಸವೆತವು ಬಹುಕಾಲದ್ದು, ಹಿಂದಿನ ವೈಂಡಿಂಗ್ ಆದ ದಿನದಿಂದ ಇಲ್ಲಿಯವರೆಗಿನ ಒಟ್ಟು ಗಂಟೆಗಳನ್ನು ತೆಗೆದುಕೊಳ್ಳಬೇಕು. ರಾಜ್ಯದಲ್ಲಿ 10 ಅಶ್ವಶಕ್ತಿವರೆಗಿನ ನೀರಾವರಿ ಪಂಪ್‌ಸೆಟ್ಟಿಗೆ ವಿದ್ಯುತ್ ಉಚಿತವಾದ್ದರಿಂದ ಬಿಲ್ಲು ನೋಡಿ ಬಳಕೆ ಅಳೆಯುವ ಅಭ್ಯಾಸ ನಮ್ಮಲ್ಲಿಲ್ಲ. ಆದುದರಿಂದ ಸ್ಟಾರ್ಟರ್ ಪಕ್ಕದಲ್ಲಿ ಒಂದು ಪುಸ್ತಕ ನೇತುಹಾಕಿ, ಹೆಸರು, ಹಾಕಿದ ವೇಳೆ, ಆರಿಸಿದ ವೇಳೆ ಬರೆಯಬೇಕು. ಪೆಟ್ಟಿಗೆಯೊಳಗೆ ಗಂಟೆ ಮೀಟರು ಕೂಡಿಸಿದರೆ ಪುಸ್ತಕದ ಮೊತ್ತವನ್ನು ಅದರೊಡನೆ ತಾಳೆ ನೋಡಬಹುದು.

ಇನ್ನು ಹಾಳೆಯ ಕ್ರಮ. ಅದರಲ್ಲಿ ಕಂಬಗಳಿಗೆ ಇಂಗ್ಲಿಷ್ ಅಕ್ಷರ, ಸಾಲುಗಳಿಗೆ ಅಂಕೆ ಇರುತ್ತವೆ. ಎ ಕಂಬದ 2, 3, 4ನೇ ಸಾಲಿನಲ್ಲಿ ಹೆಸರು, ಬಿ ಕಂಬದಲ್ಲಿ ಅವರವರ ಗಂಟೆ ಬರೆಯಿರಿ. ಬಿ5ರಲ್ಲಿ ಒಟ್ಟು ಗಂಟೆ, ಬಿ6ರಲ್ಲಿ ಖರ್ಚು. ಸಿ2ರಲ್ಲಿ =ಬಿ2/ಬಿ$5*ಬಿ$6 ಎಂಬ ಸೂತ್ರ ಹಾಕಿ ಕೆಳಗಿನ ಎರಡು ಸಾಲಿಗೆ ನಕಲು ಮಾಡಿ. ಡಾಲರ್ ಚಿಹ್ನೆ ಆ ಸಾಲಿನ ಅಂಕೆಯನ್ನು ಗೂಟಕ್ಕೆ ಕಟ್ಟಿದಂತೆ ನಿಲ್ಲಿಸುತ್ತದೆ. ಅದನ್ನು ಬಿಟ್ಟರೆ ನಕಲು ಮಾಡುವಾಗ ಅಂಕೆ ಕೆಳಕ್ಕೆ ಜಾರಿ, ಎರಡನೆಯವರ ಪಾಲು ಸೊನ್ನೆ ಎಂದು ಬರುತ್ತದೆ! ಕೊನೆಗೆ ಸಿ ಕಂಬದ ಮೊತ್ತ ಖರ್ಚಿಗೆ ಸಮ ಇದೆಯೇ ನೋಡಿ. ಪೈಸೆಗಳನ್ನು ರೂಪಾಯಿಗೆ ಸರಿಹೊಂದಿಸಿದಾಗ ಒಂದೆರಡು ರೂಪಾಯಿ ಹೆಚ್ಚು ಕಡಿಮೆಯಾದರೆ ಅದನ್ನು ಯಾರು ಹೊರಬೇಕೆಂದು ಮೊದಲೇ ಮಾತಾಡಿಕೊಂಡಿರಿ.

ಗಂಟೆಯ ಲೆಕ್ಕವೂ ಪೂರ್ಣವಲ್ಲ ಎಂದು ಕೆಲವರು ಹೇಳುತ್ತಾರೆ. ಅದು ನಿಜ. ಮೂರು ಫೇಸ್ ವಿದ್ಯುತ್ ಕೆಲವೇ ಗಂಟೆ ಬರುವಾಗ ನಡುರಾತ್ರಿಯ ಪಾಳಿಯೂ ಹಗಲಿನ ಪಾಳಿಯೂ ಒಂದೇ ಅಲ್ಲ. ಏಪ್ರಿಲ್ ತಿಂಗಳ ಒಂದು ಗಂಟೆಯಲ್ಲಿ ಬರುವ ನೀರು ನವೆಂಬರಿನಷ್ಟು ಇರುವುದಿಲ್ಲ. ಇದಕ್ಕೆ ಪಾಳಿಯನ್ನು ವಾರಕ್ಕೊಮ್ಮೆ ಬದಲಿಸಿಕೊಳ್ಳುವುದೇ ಪರಿಹಾರ. ಸೂತ್ರವನ್ನು ತೊಡಕು ಮಾಡುವುದಲ್ಲ. ಪಾಲುದಾರರೆಲ್ಲರಿಗೂ ಅರ್ಥವಾಗದ ಸೂತ್ರ ಎಷ್ಟು ನಿಖರವಾಗಿದ್ದರೂ ನಂಬಿಕೆ ಗಳಿಸದು.

ನಮ್ಮ ಕೆರೆಗಳ ನೀರನ್ನು ಹಿಂದೆ ನೀರಗಂಟಿ ಹಂಚುತ್ತಿದ್ದ. ಅವನು ತೂಬು ತೆರೆಯುವುದನ್ನು ಊರೆಲ್ಲ ಕಣ್ಣಾರೆ ಕಾಣುತ್ತಿತ್ತು. ಆ ಏರ್ಪಾಡಿನ ಬಲವೇ ಅದು. ಹಾಳೆಯೂ ಹಾಗೆಯೇ ಬಯಲಲ್ಲಿರಬೇಕು. ಒಬ್ಬರ ಮೊಬೈಲಿನಲ್ಲಿ ಮುಚ್ಚಿಟ್ಟರೆ ಅದು ಅವರ ಮಾತಾಗುತ್ತದೆಯೇ ಹೊರತು ಎಲ್ಲರ ಲೆಕ್ಕವಾಗುವುದಿಲ್ಲ. ಓದು ಬಾರದ ಹಿರಿಯರು, ಮೊಬೈಲು ಇಲ್ಲದ ಹೆಣ್ಣುಮಕ್ಕಳು ಪಾಲುದಾರರಲ್ಲಿದ್ದರೆ ತಿಂಗಳಿಗೊಮ್ಮೆ ಅವರೆದುರು ಅದನ್ನು ಗಟ್ಟಿಯಾಗಿ ಓದಿ ಹೇಳಬೇಕು. ಮೋಸ ಹೋಗುವವರು ಸಾಮಾನ್ಯವಾಗಿ ಇವರೇ.

ಮುಂಗಾರಿನ ಬಿತ್ತನೆಗೆ ಮುಂಚೆ ಪಾಲುದಾರರೂ ಗುತ್ತಿಗೆಯವರೂ ಒಂದು ಸಂಜೆ ಕೂತು, ಯಾವ ಖರ್ಚಿಗೆ ಯಾವ ಆಧಾರ ಎಂಬುದನ್ನು ಹಾಳೆಯ ಮೊದಲ ಪುಟದಲ್ಲಿ ಬರೆದಿಡಲಿ. ಮೋಟಾರು ಚೆನ್ನಾಗಿ ಓಡುತ್ತಿರುವಾಗ ಮಾಡಿದ ನಿಯಮದಲ್ಲಿ ಯಾರಿಗೂ ಸ್ವಾರ್ಥ ನುಸುಳುವುದಿಲ್ಲ. ಸುಟ್ಟ ಮೇಲೆ ಮಾಡುವ ನಿಯಮದಲ್ಲಿ ಪ್ರತಿಯೊಬ್ಬರೂ ತಮಗೆ ಅಗ್ಗವಾದುದನ್ನೇ ನ್ಯಾಯವೆನ್ನುತ್ತಾರೆ.