ಆರ್ಟ್ ಸಿಲ್ಕ್ ಅಂದ್ರೆ ಕಲೆ ಅಲ್ಲ ಕಣ್ರೀ!

1/7
ಕಾಲೇಜಲ್ಲಿ ಎಥ್ನಿಕ್ ಡೇ ಬಂತು ಅಂದ್ರೆ ಕುವೆಂಪುನಗರದಿಂದ ದೇವರಾಜ ಅರಸು ರಸ್ತೆವರೆಗೂ ನಮ್ಮದೇ ಓಡಾಟ. ಬಣ್ಣ ನೋಡ್ತೀರಿ, ಬಾರ್ಡರ್ ನೋಡ್ತೀರಿ, ರೇಟು ನೋಡ್ತೀರಿ, ಕನ್ನಡಿ ಮುಂದೆ ಸೆಲ್ಫಿನೂ ಆಗುತ್ತೆ. ಒಂದು ಪ್ರಶ್ನೆ ಮಾತ್ರ ಬಾಯಿಗೆ ಬರಲ್ಲ: "ಇದು ಯಾವ ನೂಲಿನ ಬಟ್ಟೆ?" ಹೆಚ್ಚೆಂದರೆ "ಮೆಟೀರಿಯಲ್ ಯಾವ್ದು?" ಅಂತೀರಿ. "ಕ್ರೇಪ್ ಮೇಡಂ" ಅಂತಾರೆ. ತಲೆ ಆಡಿಸಿ ದುಡ್ಡು ಕೊಟ್ಟು ಬರ್ತೀರಿ. ಅದು ಉತ್ತರವೇ ಅಲ್ಲ. ಸ್ವೈಪ್ ಮಾಡಿ 👉

2/7
ಕ್ರೇಪ್, ಸ್ಯಾಟಿನ್, ಜಾರ್ಜೆಟ್, ಶಿಫಾನ್, ಇವೆಲ್ಲ ಬಟ್ಟೆ ನೇಯುವ ಬಗೆಯ ಹೆಸರುಗಳು. ನೂಲಿನ ಹೆಸರಲ್ಲ. ದೋಸೆ ಅಂದ ಮಾತ್ರಕ್ಕೆ ಅಕ್ಕಿದೋ ರಾಗಿದೋ ಗೊತ್ತಾಗುತ್ತಾ? ಹಾಗೇ ಸ್ಯಾಟಿನ್ ರೇಷ್ಮೆದೂ ಇರಬಹುದು, ಪಾಲಿಯೆಸ್ಟರ್‌ದೂ ಇರಬಹುದು. ಎರಡರ ಬೆಲೆಗೆ ಅಜಗಜಾಂತರ.
ಇನ್ನು "ಆರ್ಟ್ ಸಿಲ್ಕ್". ಆರ್ಟ್ ಅಂದ್ರೆ ಇಲ್ಲಿ ಕಲೆ ಅಲ್ಲ, ಆರ್ಟಿಫಿಷಿಯಲ್. ಅಂದ್ರೆ ಕೃತಕ. ರೇಯಾನ್ ಅಥವಾ ಪಾಲಿಯೆಸ್ಟರ್. "ಸೆಮಿ ಮೈಸೂರು ಸಿಲ್ಕ್" ಅಂತ ಬೋರ್ಡು ಕಂಡರೆ ನೇರವಾಗಿ ಕೇಳಿ: ಇದರಲ್ಲಿ ರೇಷ್ಮೆ ಎಷ್ಟು ಪರ್ಸೆಂಟ್?

3/7
ಈ ಹೆಸರಿನ ಆಟ ಬೇರೆ ಊರಲ್ಲಿ ನಡೆದರೆ ಒಂದು ಮಾತು. ನಮ್ಮೂರಲ್ಲಿ ನಡೆಯೋದು ನಾಚಿಕೆ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಶುರುವಾದ ರೇಷ್ಮೆ ನೇಯ್ಗೆ ಕಾರ್ಖಾನೆ ಇವತ್ತೂ ಮಾನಂದವಾಡಿ ರಸ್ತೆಯಲ್ಲಿದೆ, ಕುವೆಂಪುನಗರದಿಂದ ದೂರವೇನಿಲ್ಲ. ಅದನ್ನು ನಡೆಸೋದು ಸರ್ಕಾರದ ಕೆಎಸ್‌ಐಸಿ. ಅಲ್ಲಿನ ಸೀರೆಯ ಜರಿಯಲ್ಲಿ 65% ಬೆಳ್ಳಿ, 0.65% ಚಿನ್ನ ಅಂತ ಅವರು ಲೆಕ್ಕ ಕೊಡ್ತಾರೆ. "ಮೈಸೂರು ಸಿಲ್ಕ್" ಅನ್ನೋ ಹೆಸರಿಗೆ ಜಿಐ ಮಾನ್ಯತೆ ಇದೆ. ಬೇರೆ ಶುದ್ಧ ರೇಷ್ಮೆ ಬಟ್ಟೆಗಳಿಗೆ 2004ರಿಂದ "ಸಿಲ್ಕ್ ಮಾರ್ಕ್" ಲೇಬಲ್ ಇದೆ. ಇಷ್ಟೆಲ್ಲ ಇರೋ ಊರಲ್ಲೇ ಪ್ಲಾಸ್ಟಿಕ್ ನೂಲಿಗೆ "ಮೈಸೂರು ಸಿಲ್ಕ್" ಅಂತ ಹೆಸರಿಟ್ಟರೆ, ಹುಳ ಸಾಕಿದ ರೈತ, ನೂಲು ಬಿಚ್ಚಿದವರು, ನೇಯ್ದವರು, ಎಲ್ಲರ ಹೊಟ್ಟೆ ಮೇಲೆ ಹೊಡೆದ ಹಾಗೆ.

4/7
"ಹಾಗಾದ್ರೆ ಪಾಲಿಯೆಸ್ಟರ್ ಹಾಕೋದೇ ತಪ್ಪಾ?" ಖಂಡಿತ ಅಲ್ಲ. ಬೇಗ ಒಣಗುತ್ತೆ, ಸುಕ್ಕು ಕಡಿಮೆ, ಪಾಕೆಟ್ ಮನಿಗೂ ಸರಿಹೋಗುತ್ತೆ. ಪಾಲಿಯೆಸ್ಟರನ್ನ ಪಾಲಿಯೆಸ್ಟರ್ ಅಂತಲೇ ಹೇಳಿ ಮಾರೋ ಅಂಗಡಿಯವರಿಗೆ ಕೈ ಮುಗಿಯೋಣ. ಜಗಳ ಬಟ್ಟೆ ಜೊತೆ ಅಲ್ಲ, ಸುಳ್ಳು ಹೆಸರಿನ ಜೊತೆ.
"ಗಿರಾಕಿನೇ ಕೇಳಲ್ಲ, ನಾವ್ಯಾಕೆ ಹೇಳೋಣ?" ಅನ್ನೋರೂ ಇದ್ದಾರೆ. ಹೋಟೆಲಲ್ಲಿ ಎಣ್ಣೆ ದೋಸೆ ಕೊಟ್ಟು ಬೆಣ್ಣೆ ದೋಸೆ ಅಂತ ಬಿಲ್ ಹಾಕಿದರೆ ಸುಮ್ಮನಿರ್ತೀರಾ?

5/7
ಈ ಸುಳ್ಳಿನ ದಂಡ ಕಟ್ಟೋದು ಯಾರು ಗೊತ್ತಾ? ರಸ್ತೆ ಬದಿ ಗಾಡಿ ಹಾಕಿಕೊಂಡಿರೋ ಇಸ್ತ್ರಿ ಅಣ್ಣ. "ಸಿಲ್ಕ್ ಇದು, ಹುಷಾರು" ಅಂತ ಕೊಟ್ಟು ಬರ್ತೀರಿ. ಅವರ ಇದ್ದಿಲು ಪೆಟ್ಟಿಗೆಗೆ ಶಾಖ ಏರಿಸಿ ಇಳಿಸೋ ಗುಂಡಿ ಇಲ್ಲ. ಕೃತಕ ನೂಲು ಕರಗಿ ಪೆಟ್ಟಿಗೆಗೆ ಅಂಟುತ್ತೆ. ಬೈಗುಳ ತಿನ್ನೋದು ಅವರು, ದಿನದ ದುಡಿಮೆಯಿಂದ ದುಡ್ಡು ಕೊಡೋದೂ ಅವರೇ. ಸುಳ್ಳು ಹೇಳಿದ ಅಂಗಡಿ ಎಸಿಯಲ್ಲಿ ತಣ್ಣಗಿರುತ್ತೆ.

6/7
ಇದನ್ನ ಸೇವ್ ಮಾಡ್ಕೊಳ್ಳಿ 📌
▪ ಹತ್ತಿ: ಮೊದಲ ಸಲ ಬೇರೆಯಾಗಿ ಒಗೆಯಿರಿ, ಬಣ್ಣ ಬಿಡಬಹುದು. ಒಳಭಾಗ ಹೊರಗೆ ಮಾಡಿ ನೆರಳಲ್ಲಿ ಒಣಗಿಸಿ.
▪ ರೇಯಾನ್: ಮರದ ತಿರುಳಿಂದ ಮಾಡಿದ್ದು. ಒದ್ದೆಯಾದಾಗ ಶಕ್ತಿ ಕಳ್ಕೊಳ್ಳುತ್ತೆ. ಹಿಂಡಬೇಡಿ, ಕಲ್ಲಿಗೆ ಬಡಿಯಬೇಡಿ.
▪ ಪಾಲಿಯೆಸ್ಟರ್: ಒಗೆಯೋದು ಸುಲಭ. ಬಿಸಿ ಇಸ್ತ್ರಿ ಮಾತ್ರ ಬೇಡ.
▪ ರೇಷ್ಮೆ: ಕೂದಲಿನ ಹಾಗೆ ಇದೂ ಪ್ರೋಟೀನ್. ಖಾರವಾದ ಡಿಟರ್ಜೆಂಟ್, ಬ್ಲೀಚ್ ಎರಡೂ ಶತ್ರು. ಜರಿ ಸೀರೆಯನ್ನ ಡ್ರೈಕ್ಲೀನಿಂಗ್‌ಗೆ ಕೊಡಿ. ಹತ್ತಿ ಬಟ್ಟೆಯಲ್ಲಿ ಸುತ್ತಿಡಿ, ಆಗಾಗ ಮಡಿಕೆ ಬದಲಿಸಿ.
ಲೇಬಲ್ ಚಿತ್ರಗಳು: ಟಬ್ ಅಂದ್ರೆ ಒಗೆಯೋದು, ತ್ರಿಕೋನ ಬ್ಲೀಚ್, ವೃತ್ತ ಡ್ರೈಕ್ಲೀನಿಂಗ್. ಮೇಲೆ ಕಾಟು ಹಾಕಿದ್ದರೆ ಮಾಡಬಾರದು. ಇಸ್ತ್ರಿ ಪೆಟ್ಟಿಗೆಯೊಳಗೆ 1 ಚುಕ್ಕೆ ಇದ್ದರೆ ಕಡಿಮೆ ಶಾಖ, 2 ಇದ್ದರೆ ಮಧ್ಯಮ, 3 ಇದ್ದರೆ ಹೆಚ್ಚು.
ಮನೆಯಲ್ಲಿರೋ ಬಟ್ಟೆ ಬಗ್ಗೆ ಅನುಮಾನವಾ? ಹೊಲಿಗೆ ಅಂಚಿಂದ ಉದ್ದಕ್ಕೆ ಒಂದು, ಅಡ್ಡಕ್ಕೆ ಒಂದು ಎಳೆ ತೆಗೀರಿ. ಚಿಮಟದಲ್ಲಿ ಹಿಡಿದು, ಸಿಂಕ್ ಮೇಲೆ ಸುಡಿ. ಕೂದಲು ಸುಟ್ಟ ವಾಸನೆ, ಪುಡಿಯಾಗೋ ಬೂದಿ ಬಂದರೆ ರೇಷ್ಮೆ. ಕಾಗದ ಸುಟ್ಟ ವಾಸನೆ ಬಂದರೆ ಹತ್ತಿ ಅಥವಾ ರೇಯಾನ್. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್‌ನಂಥ ಕೃತಕ ನೂಲು.

7/7
ಬಟ್ಟೆ ಮೇಲೆ ಯಾವ ನೂಲು ಎಷ್ಟಿದೆ ಅಂತ ತಯಾರಕರು ನಮೂದಿಸಬೇಕು ಅನ್ನೋ ಕೇಂದ್ರದ ನಿಯಮ 1988ರಿಂದಲೇ ಇದೆ. ಇಲ್ಲದ ಗುಣ ಇದೆ ಅಂತ ಹೇಳಿ ಮಾರೋದು, ಬಿಲ್ ಕೊಡದೇ ಇರೋದು, ಎರಡೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಕಾನೂನು ಇದೆ, ಕೇಳೋ ಬಾಯಿ ಬೇಕು.
ಮುಂದಿನ ಸಲ ಮೂರೇ ಮೂರು ಕೆಲಸ ಮಾಡಿ. ರೇಟಿಗೆ ಮುಂಚೆ ನೂಲು ಕೇಳಿ. "ಪ್ಯೂರ್ ಸಿಲ್ಕ್" ಅಂದ್ರೆ ಬಿಲ್ ಮೇಲೆ ಹಾಗೇ ಬರೆಸಿ. ಬರೆಯಲ್ಲ ಅಂದ್ರೆ ಸೀರೆ ಅಲ್ಲೇ ಬಿಟ್ಟು ಎದ್ದು ಬನ್ನಿ. ಈಗಾಗಲೇ ಮೋಸ ಆಗಿದ್ದರೆ ಗ್ರಾಹಕ ಸಹಾಯವಾಣಿ 1915.
ಹತ್ತು ಜನ ಕೇಳಿದರೆ ಅಂಗಡಿಯವರು ಬೇಜಾರು ಮಾಡ್ಕೋಬಹುದು. ನೂರು ಜನ ಕೇಳಿದರೆ ಬೋರ್ಡು ಬದಲಾಯಿಸ್ತಾರೆ. ಎಥ್ನಿಕ್ ಡೇ ಶಾಪಿಂಗ್‌ಗೆ ಹೊರಟಿರೋ ಫ್ರೆಂಡನ್ನ ಈಗಲೇ ಟ್ಯಾಗ್ ಮಾಡಿ 👇

#ಯಾವನೂಲು #ಮೈಸೂರುಸಿಲ್ಕ್ #ಕುವೆಂಪುನಗರ #ಲೇಬಲ್ಓದಿ