ಅಂಗಡಿಯ ಹೆಸರು ಅಳಿದಾಗ ಉಳಿಯುವ ಋಣಗಳನ್ನು ಕುರಿತು ಒಂದು ಮನವಿ ಪತ್ರ

ಮಾನ್ಯ ಪ್ರಧಾನ ಕಾರ್ಯದರ್ಶಿಗಳವರಿಗೆ,
ಆಹಾರ, ನಾಗರಿಕ ಸರಬರಾಜು ಮತ್ತು ಗ್ರಾಹಕ ವ್ಯವಹಾರಗಳ ಇಲಾಖೆ,
ಕರ್ನಾಟಕ ಸರ್ಕಾರ, ಬೆಂಗಳೂರು.

ಅರ್ಜಿದಾರರು: ಮೈಸೂರು ನಗರದ ಗ್ರಾಹಕರು, ಸೂಪರ್ ಮಾರ್ಕೆಟ್ ನೌಕರರು ಹಾಗೂ ಗೃಹೋದ್ಯಮದ ಸರಬರಾಜುದಾರರು.

ವಿಷಯ: ಪ್ರತಿಸ್ಪರ್ಧಿ ಸಂಸ್ಥೆಯ ವಶವಾದ ಸೂಪರ್ ಮಾರ್ಕೆಟ್ಟುಗಳ ನಾಮಾಂತರದ ಸಂದರ್ಭದಲ್ಲಿ ಹಳೆಯ ಹೊಣೆಗಾರಿಕೆಗಳ ರಕ್ಷಣೆಗಾಗಿ ನಿಯಮವೊಂದನ್ನು ರೂಪಿಸಬೇಕೆಂದು ಪ್ರಾರ್ಥನೆ.

ಮಾನ್ಯರೇ,

ಒಂದು ಸರಣಿಯ ಸೂಪರ್ ಮಾರ್ಕೆಟ್ಟುಗಳನ್ನು ಅದರ ಪ್ರತಿಸ್ಪರ್ಧಿಯಾದ ಮತ್ತೊಂದು ಸರಣಿಯು ವಶಪಡಿಸಿಕೊಂಡು, ಹಳೆಯ ಫಲಕಗಳನ್ನು ಇಳಿಸಿ ತನ್ನ ಹೆಸರಿನ ಫಲಕಗಳನ್ನು ಏರಿಸುವ ಕಾರ್ಯವು ನಮ್ಮ ನಗರದ ಕೆಲವು ಬಡಾವಣೆಗಳಲ್ಲಿ ಈಚೆಗೆ ನಡೆದಿದ್ದು, ಅದರಿಂದ ಗ್ರಾಹಕರಿಗೂ ನೌಕರರಿಗೂ ಸಣ್ಣ ಸರಬರಾಜುದಾರರಿಗೂ ಒದಗಿದ ಸಂಕಷ್ಟಗಳನ್ನು ತಮ್ಮ ಅವಗಾಹನೆಗೆ ತರುವ ಸಲುವಾಗಿ ಈ ಮನವಿಯನ್ನು ಸವಿನಯವಾಗಿ ಅರ್ಪಿಸುತ್ತಿದ್ದೇವೆ. ಆ ಎರಡು ಸಂಸ್ಥೆಗಳ ಹೆಸರನ್ನು ಇಲ್ಲಿ ಬೇಕೆಂದೇ ಬರೆದಿಲ್ಲ. ಏಕೆಂದರೆ ನಮ್ಮ ಅರಿಕೆಯು ಒಬ್ಬರ ಮೇಲಣ ದೂರಲ್ಲ. ನಾಳೆ ಇನ್ನಾವ ಸಂಸ್ಥೆ ಇನ್ನಾವುದನ್ನು ಕೊಂಡರೂ ಇದೇ ತೊಂದರೆಗಳು ಇದೇ ಕ್ರಮದಲ್ಲಿ ತಲೆದೋರುವುವು ಎಂಬುದು ನಮ್ಮ ದೃಢವಾದ ಅಭಿಪ್ರಾಯ.

ಅಂಗಡಿಯನ್ನು ಮಾರುವ ಹಕ್ಕು ಒಡೆಯನದು, ಕೊಂಡ ಅಂಗಡಿಗೆ ತನ್ನ ಹೆಸರನ್ನಿಡುವ ಹಕ್ಕು ಕೊಂಡವನದು. ಇದರಲ್ಲಿ ನಮಗೆ ಲೇಶಮಾತ್ರವೂ ಆಕ್ಷೇಪಣೆಯಿಲ್ಲ. ನಷ್ಟದಲ್ಲಿ ನಡೆಯುತ್ತಿದ್ದ ಮಳಿಗೆ ಬಾಗಿಲು ಮುಚ್ಚುವುದಕ್ಕಿಂತ ಮತ್ತೊಬ್ಬರ ಕೈಯಲ್ಲಿ ನಡೆಯುವುದೇ ಲೇಸೆಂಬುದನ್ನೂ ನಾವು ಬಲ್ಲೆವು. ನಮ್ಮ ವಿವಾದವೆಲ್ಲ ಒಂದು ಅಂಶಕ್ಕೆ ಸಂಬಂಧಿಸಿದ್ದು. ನಿವೇಶನವೊಂದನ್ನು ಕೊಳ್ಳಹೊರಟವನು ಉಪನೋಂದಣಾಧಿಕಾರಿಯ ಕಚೇರಿಯಿಂದ ಋಣಭಾರ ಪತ್ರವನ್ನು ತೆಗೆಸಿ, ಆ ಸ್ವತ್ತಿನ ಮೇಲೆ ಯಾರ ಅಡಮಾನ, ಯಾರ ಹಕ್ಕು ಇದೆಯೆಂಬುದನ್ನು ತಿಳಿದಲ್ಲದೆ ಮುಂಗಡ ಕೊಡುವುದಿಲ್ಲ; ಆದರೆ ಸಾವಿರಾರು ಮಂದಿ ದಿನನಿತ್ಯ ವ್ಯವಹರಿಸುವ, ನೂರಾರು ಮಂದಿಗೆ ಅನ್ನವಾಗಿರುವ ಮಳಿಗೆಗಳ ಒಂದು ಸರಣಿಯೇ ಕೈಬದಲಾದಾಗ, ಆ ಹೆಸರನ್ನು ನಂಬಿ ಹಣ ಕೊಟ್ಟವರ, ದುಡಿದವರ, ಸರಕು ತಂದಿಳಿಸಿದವರ ಬಾಕಿಯನ್ನು ಯಾರು ತೀರಿಸತಕ್ಕದ್ದೆಂದು ಸಾರ್ವಜನಿಕವಾಗಿ ಸಾರಿ ಹೇಳುವ ಒಂದು ಹಾಳೆಯೂ ಇಲ್ಲ.

ಸರಣಿಗಳು ಹೀಗೆ ಕೈಬದಲಾಗುವುದು ಹೊಸ ಸಂಗತಿಯೇನೂ ಅಲ್ಲ. 2005ರಲ್ಲಿ ಫುಡ್‌ವರ್ಲ್ಡ್ ಸಂಸ್ಥೆಯ ಪಾಲುದಾರರು ಬೇರೆಯಾದಾಗ ಅದರ ಅಂಗಡಿಗಳಲ್ಲಿ ಕೆಲವು ಹಳೆಯ ಹೆಸರಿನಲ್ಲಿಯೇ ಉಳಿದು ಕೆಲವು ಸ್ಪೆನ್ಸರ್ಸ್ ಆದುವು. ಬೆಂಗಳೂರಿನಲ್ಲಿಯೇ ಹುಟ್ಟಿ ಬೆಳೆದ ಫ್ಯಾಬ್‌ಮಾಲ್ ಹೈದರಾಬಾದಿನ ತ್ರಿನೇತ್ರದ ಮೂಲಕ ಆದಿತ್ಯ ಬಿರ್ಲಾ ಸಮೂಹಕ್ಕೆ ಸೇರಿ, 2007ರಿಂದ ಮುಂದಕ್ಕೆ ಮೋರ್ ಎಂಬ ಹೆಸರನ್ನು ತಾಳಿತು. 1905ರಷ್ಟು ಹಿಂದಿನ ಮೂಲವುಳ್ಳ ನೀಲ್‌ಗಿರೀಸ್ ಮಾತ್ರ 2014ರಲ್ಲಿ ಫ್ಯೂಚರ್ ಸಮೂಹದ ವಶವಾದಾಗಲೂ ಹೆಸರನ್ನು ಕಳೆದುಕೊಳ್ಳಲಿಲ್ಲ. ಕೊಂಡವರಿಗೆ ಅಂಗಡಿಗಿಂತ ಹೆಸರೇ ಬೆಲೆಬಾಳುವುದಾಗಿ ಕಂಡಿರಬೇಕು.

ಇವೆಲ್ಲಕ್ಕಿಂತಲೂ ಬೋಧಪ್ರದವಾದುದು ಬಿಗ್ ಬಜಾರಿನ ವೃತ್ತಾಂತ. 2001ರಲ್ಲಿ ಆರಂಭವಾದ ಈ ಸರಣಿಯನ್ನೊಳಗೊಂಡ ಫ್ಯೂಚರ್ ಸಮೂಹದ ಚಿಲ್ಲರೆ ವ್ಯಾಪಾರವನ್ನು 24,713 ಕೋಟಿ ರೂಪಾಯಿಗಳಿಗೆ ಕೊಳ್ಳುವುದಾಗಿ ರಿಲಯನ್ಸ್ ಸಂಸ್ಥೆಯು 2020ರ ಆಗಸ್ಟಿನಲ್ಲಿ ಪ್ರಕಟಿಸಿತು. ಅಮೆಜಾನ್ ಸಂಸ್ಥೆ ಅದನ್ನು ವಿರೋಧಿಸಿ ಸಿಂಗಪುರದ ಮಧ್ಯಸ್ಥಿಕೆಯಿಂದ ಹಿಡಿದು ಸರ್ವೋಚ್ಚ ನ್ಯಾಯಾಲಯದವರೆಗೆ ವ್ಯಾಜ್ಯ ನಡೆಸಿತು. ವ್ಯಾಜ್ಯ ನಡೆಯುತ್ತಿರುವಾಗಲೇ, ಬಾಡಿಗೆ ಕಟ್ಟಲಾರದೆ ಹೋದ ಅಂಗಡಿಗಳ ಗುತ್ತಿಗೆಗಳನ್ನು ಕಟ್ಟಡದ ಮಾಲೀಕರಿಂದ ತನ್ನ ಹೆಸರಿಗೆ ಮಾಡಿಸಿಕೊಂಡು ಫ್ಯೂಚರ್ ಸಮೂಹಕ್ಕೇ ಉಪಗುತ್ತಿಗೆಗೆ ಕೊಟ್ಟಿದ್ದ ರಿಲಯನ್ಸ್ ಸಂಸ್ಥೆಯು, 2022ರ ಆದಿಭಾಗದಲ್ಲಿ 800ಕ್ಕೂ ಮಿಕ್ಕ ಮಳಿಗೆಗಳ ಉಪಗುತ್ತಿಗೆಯನ್ನು ರದ್ದುಪಡಿಸುವ ನೋಟೀಸನ್ನು ಕೊಟ್ಟಿತು. ಏಪ್ರಿಲಿನಲ್ಲಿ ಭದ್ರತೆಯುಳ್ಳ ಸಾಲದಾತರು ಮೂಲ ಒಪ್ಪಂದವನ್ನು ಮತದಿಂದ ತಿರಸ್ಕರಿಸಿದರು, ಒಪ್ಪಂದ ಬಿದ್ದುಹೋಯಿತು. ಜುಲೈಯಲ್ಲಿ ಫ್ಯೂಚರ್ ರಿಟೇಲ್ ಕಂಪನಿಯು ದಿವಾಳಿ ನ್ಯಾಯಪ್ರಕ್ರಿಯೆಗೆ ಒಳಪಟ್ಟು, 2024ರಲ್ಲಿ ಸಮಾಪನದ ಆದೇಶವೂ ಆಯಿತು. ಅಷ್ಟರೊಳಗೆ ಅನೇಕ ಕಟ್ಟಡಗಳ ಮೇಲೆ ರಿಲಯನ್ಸಿನ ಸ್ಮಾರ್ಟ್ ಬಜಾರ್ ಎಂಬ ಫಲಕ ಏರಿಯಾಗಿತ್ತು. ಇದರ ನ್ಯಾಯಾನ್ಯಾಯಗಳ ವಿಮರ್ಶೆ ನಮ್ಮ ಕೆಲಸವಲ್ಲ. ನಾವು ಇದರಿಂದ ಎತ್ತಿಕೊಳ್ಳುವ ಪಾಠ ಇಷ್ಟೇ: ಕಂಪನಿಯನ್ನು ಕೊಳ್ಳದೆಯೇ ಅದರ ಅಂಗಡಿಗಳು ಮತ್ತೊಬ್ಬರವಾಗಬಹುದು, ಹಾಗಾದಾಗ ಜಾಗ, ಗಿರಾಕಿ, ಕಪಾಟು ಒಂದು ಕಡೆಗೆ ಹೋಗಿ, ಬಾಕಿಗಳೆಲ್ಲವೂ ಅಂಗಡಿಯೇ ಇಲ್ಲದ ಇನ್ನೊಂದು ಕಡೆ ನಿಲ್ಲಬಹುದು.

ಇನ್ನು ಹೊರದೇಶದ ಮಾತು. ಬ್ರಿಟನ್ನಿನಲ್ಲಿ ಮಾರಿಸನ್ಸ್ ಸಂಸ್ಥೆಯು ತನಗಿಂತ ದೊಡ್ಡದಾದ ಸೇಫ್‌ವೇ ಸರಣಿಗೆ ಬೆಲೆ ಕಟ್ಟಿದುದು 2003ರಲ್ಲಿ. ಅಲ್ಲಿಯ ಸ್ಪರ್ಧಾ ಆಯೋಗವು ಊರೂರಿನ ಅಂಗಡಿಗಳನ್ನು ಲೆಕ್ಕಹಾಕಿ, ಯಾವ ಊರಿನಲ್ಲಿ ಗಿರಾಕಿಗೆ ಬೇರೊಂದು ಆಯ್ಕೆ ಉಳಿಯದೋ ಅಂಥ ಕಡೆಗಳಲ್ಲಿ ಐವತ್ತಕ್ಕೂ ಮಿಕ್ಕ ಮಳಿಗೆಗಳನ್ನು ಪರರಿಗೆ ಬಿಟ್ಟುಕೊಡತಕ್ಕದ್ದೆಂದು ವಿಧಿಸಿದ ಮೇಲೆಯೇ 2004ರ ಮಾರ್ಚಿಯಲ್ಲಿ ಕ್ರಯ ಪೂರ್ಣವಾಯಿತು. ಕೊನೆಯ ಸೇಫ್‌ವೇ ಫಲಕ ಇಳಿದದ್ದು 2005ರ ನವೆಂಬರಿನಲ್ಲಿ. ಉದ್ಯಮವೊಂದು ಕೈಬದಲಾದರೆ ನೌಕರನ ಸೇವೆಯನ್ನು ಅಖಂಡವೆಂದೇ ಎಣಿಸಬೇಕೆಂಬ ನಿಯಮ ಆ ದೇಶದಲ್ಲಿ 1981ರಿಂದಲೂ ಉಂಟು. ನಮ್ಮಲ್ಲಿಯೂ 2002ರ ಸ್ಪರ್ಧಾ ಅಧಿನಿಯಮವಿದೆ. ಆದರೆ ಅದರ ದೃಷ್ಟಿ ಮುಖ್ಯವಾಗಿ ಸಂಸ್ಥೆಯ ಆಸ್ತಿ ಮತ್ತು ವಹಿವಾಟಿನ ಗಾತ್ರದ ಮೇಲೆ ನೆಟ್ಟಿರುವುದರಿಂದ, ಸರಸ್ವತಿಪುರದಲ್ಲಿಯೋ ಕುವೆಂಪುನಗರದಲ್ಲಿಯೋ ನಡೆಯುವ ಹತ್ತು ಅಂಗಡಿಗಳ ಹಸ್ತಾಂತರವು ಅದರ ಕಣ್ಣಿಗೆ ಬೀಳುವಂಥದಲ್ಲ. ಆದಕಾರಣ ರಾಜ್ಯ ಸರ್ಕಾರದ ಬಾಗಿಲಿಗೆ ಬಂದಿದ್ದೇವೆ.

ಈಗ ನಮ್ಮ ಅನುಭವಕ್ಕೆ ಬಂದುದನ್ನು ಹೇಳುತ್ತೇವೆ. ಹಬ್ಬಕ್ಕೆ ಉಡುಗೊರೆಯಾಗಿ ಬಂದ ಗಿಫ್ಟ್ ವೋಚರುಗಳು, ವರ್ಷಗಟ್ಟಲೆ ಕೂಡಿಟ್ಟ ಪಾಯಿಂಟುಗಳು, ಮುಂಗಡವಾಗಿ ಹಣ ಕಟ್ಟಿಸಿಕೊಂಡು ತಿಂಗಳು ತಿಂಗಳು ದಿನಸಿ ಕೊಡುವುದಾಗಿ ಹೇಳಿದ ಕಾರ್ಡುಗಳು, ಇವೆಲ್ಲ ಹೊಸ ಫಲಕದ ಕೆಳಗೆ ಬೆಲೆಯಿಲ್ಲದ ಕಾಗದಗಳಾದುವು. ಅದೇ ಕೌಂಟರು, ಅನೇಕ ಕಡೆ ಅದೇ ಹುಡುಗಿ. ಆದರೆ ಉತ್ತರ ಮಾತ್ರ, ‘ಅದು ಹಳೇ ಕಂಪನೀದು ಸಾರ್, ನಮ್ಮ ಸಿಸ್ಟಮ್ಮು ತಗೊಳಲ್ಲ’ ಎಂದು. ತನ್ನ ಅಂಗಡಿಯಲ್ಲಿ ಮಾತ್ರ ಚಲಾವಣೆಯಾಗುವ ಇಂಥ ಮುಂಗಡ ಪತ್ರಗಳನ್ನು ಹೊರಡಿಸಲು ರಿಸರ್ವ್ ಬ್ಯಾಂಕಿನ ಅನುಮತಿ ಬೇಕಾಗಿಲ್ಲವೆಂಬುದನ್ನು ನಮ್ಮಲ್ಲಿ ಬಹುಮಂದಿ ತಿಳಿದದ್ದು ಆಮೇಲೆ. ಅಂದರೆ ಗ್ರಾಹಕನ ಹಣವನ್ನು ಮೊದಲೇ ಪಡೆದು ಇಟ್ಟುಕೊಳ್ಳುವ ಈ ವ್ಯವಹಾರಕ್ಕೆ ಕಾವಲುಗಾರನೇ ಇಲ್ಲ. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಪ್ರಕಾರ ಜಿಲ್ಲಾ ಆಯೋಗಕ್ಕೆ ಹೋಗಬಹುದು, ನಿಜ. ಐನೂರು ರೂಪಾಯಿಯ ವೋಚರಿಗಾಗಿ ಯಾವ ಗೃಹಿಣಿ ಹೋಗಿಯಾಳು?

ನೌಕರರ ಸಂಗತಿ ಇದಕ್ಕಿಂತ ಗಂಭೀರವಾದುದು. ಹಳೆಯ ಸಂಸ್ಥೆಯಲ್ಲಿ ನಾಲ್ಕೂವರೆ, ಎಂಟು, ಹತ್ತು ವರ್ಷ ದುಡಿದವರಿಗೆ, ರಾಜೀನಾಮೆಯ ಪತ್ರಕ್ಕೂ ಹೊಸ ನೇಮಕಾತಿಯ ಪತ್ರಕ್ಕೂ ಒಂದೇ ದಿನ ಸಹಿ ಹಾಕುವಂತೆ ಹೇಳಲಾಯಿತು. ಕೆಲಸ ಉಳಿಯಿತಲ್ಲ ಎಂಬ ನೆಮ್ಮದಿಯಲ್ಲಿ ಸಹಿ ಹಾಕಿದವರಿಗೆ, ತಮ್ಮ ಸೇವಾವಧಿಯೆಲ್ಲ ಆ ಒಂದು ಸಹಿಯಿಂದ ಸೊನ್ನೆಗೆ ಇಳಿಯಿತೆಂಬುದನ್ನು ತಿಳಿಯಲು ತಿಂಗಳುಗಳೇ ಹಿಡಿದುವು. ಉಪದಾನಕ್ಕೆ, ಅಂದರೆ ಗ್ರಾಚ್ಯುಟಿಗೆ, ಸಾಮಾನ್ಯವಾಗಿ ಐದು ವರ್ಷಗಳ ಅವಿಚ್ಛಿನ್ನ ಸೇವೆ ಬೇಕೆಂಬ ನಿಯಮವಿರುವಲ್ಲಿ ನಾಲ್ಕೂವರೆ ವರ್ಷದವನ ನಷ್ಟ ಎಷ್ಟೆಂಬುದನ್ನು ತಾವೇ ಊಹಿಸಬಹುದು. ಉದ್ಯಮವು ಪರಹಸ್ತವಾದಾಗ ಕಾರ್ಮಿಕನ ಸೇವೆ ಭಂಗವಾದರೆ, ಷರತ್ತುಗಳು ಹಿಂದಿಗಿಂತ ಕೀಳಾದರೆ, ಇಲ್ಲವೆ ಹಳೆಯ ಸೇವೆಯ ಹೊಣೆಯನ್ನು ಹೊಸ ಒಡೆಯನು ಒಪ್ಪಿಕೊಳ್ಳದಿದ್ದ ಪಕ್ಷದಲ್ಲಿ ಪರಿಹಾರ ಸಲ್ಲತಕ್ಕದ್ದೆಂದು 1947ರ ಕೈಗಾರಿಕಾ ವಿವಾದಗಳ ಅಧಿನಿಯಮದ 25ಎಫ್‌ಎಫ್ ಪ್ರಕರಣವು ಹೇಳಿತ್ತು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಆ ತತ್ತ್ವವನ್ನು ಕೈಬಿಟ್ಟಿಲ್ಲ. ಸ್ವಇಚ್ಛೆಯಿಂದ ಬಿಟ್ಟೆನೆಂದು ನೌಕರನಿಂದಲೇ ಬರೆಯಿಸಿಕೊಂಡುಬಿಟ್ಟರೆ ಈ ರಕ್ಷಣೆಯೆಲ್ಲ ಗ್ರಂಥದಲ್ಲಿಯೇ ಉಳಿಯುತ್ತದೆ. ಏಜೆನ್ಸಿಯ ಮೂಲಕ ಬಂದ ಹಮಾಲರು, ಸೆಕ್ಯುರಿಟಿಯವರು, ಕಸ ಗುಡಿಸುವವರಿಗಂತೂ ರಾಜೀನಾಮೆ ಬರೆಯುವ ಗೌರವವೂ ದಕ್ಕಲಿಲ್ಲ; ಬಣ್ಣ ಬಳಿಯಲು ಅಂಗಡಿ ಮುಚ್ಚಿದ ದಿನ ‘ಫೋನ್ ಮಾಡ್ತೀವಿ’ ಎಂದದ್ದೇ ಕೊನೆಯ ಮಾತು.

ಸರಬರಾಜುದಾರರಲ್ಲಿ ದೊಡ್ಡ ಕಂಪನಿಗಳ ಚಿಂತೆ ನಮಗಿಲ್ಲ. ತಮ್ಮ ಹಿತವನ್ನು ಅವು ಕಾಯ್ದುಕೊಳ್ಳಬಲ್ಲುವು. ಹಪ್ಪಳ, ಸಂಡಿಗೆ, ಚಟ್ನಿಪುಡಿ, ರಾಗಿ ಹುರಿಹಿಟ್ಟು ಮಾಡಿಕೊಡುವ ಮಹಿಳಾ ಸಂಘಗಳ ಮಾತು ಬೇರೆ. ಇವರ ಸರಕನ್ನು ಅಂಗಡಿಯವರು ಬಹುಮಟ್ಟಿಗೆ ಮಾರಾಟವಾದರೆ ದುಡ್ಡು, ಇಲ್ಲದಿದ್ದರೆ ವಾಪಸು ಎಂಬ ಕರಾರಿನ ಮೇಲೆಯೇ ಇಟ್ಟುಕೊಳ್ಳುವರು. ಎಂದಮೇಲೆ ಕಪಾಟಿನಲ್ಲಿರುವಷ್ಟು ದಿನವೂ ಆ ಸರಕು ಸಂಘದ್ದೇ ಹೊರತು ಅಂಗಡಿಯದಲ್ಲ. ಹಸ್ತಾಂತರದ ರಾತ್ರಿ ದಾಸ್ತಾನಿನ ಪಟ್ಟಿ ಮಾಡಿದವರು ಈ ಭೇದವನ್ನು ಮಾಡಲಿಲ್ಲ. ಕಿರು ಮತ್ತು ಸಣ್ಣ ಉದ್ದಿಮೆಗಳ ಬಾಕಿಯನ್ನು 45 ದಿನಗಳೊಳಗೆ ತೀರಿಸಬೇಕು, ತಪ್ಪಿದರೆ ರಿಸರ್ವ್ ಬ್ಯಾಂಕಿನ ದರದ ಮೂರು ಪಟ್ಟು ಚಕ್ರಬಡ್ಡಿ ಸಲ್ಲಬೇಕು ಎಂದು 2006ರ ಕಿರು, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಧಿನಿಯಮವು ವಿಧಿಸಿದೆ. ಅಂಥ ತಗಾದೆಗಳಿಗೆ ರಾಜ್ಯದಲ್ಲಿ ಸೌಲಭ್ಯ ಮಂಡಳಿಯೂ ಉಂಟು. ಆದರೆ ಹಳೆಯ ಕಂಪನಿಯು ದಿವಾಳಿಯ ದಾರಿ ಹಿಡಿದಮೇಲೆ, ಭದ್ರತೆಯುಳ್ಳ ಬ್ಯಾಂಕುಗಳು ಮುಂದಿನ ಸಾಲಿನಲ್ಲಿ ಕುಳಿತು, ಹಪ್ಪಳದವರ ಸರದಿ ಎಲ್ಲಿಯೋ ಹಿಂದೆ ಬೀಳುವುದು. ಹೊಸ ಕಂಪನಿಯು ಇವರೊಡನೆ ತನಗೆ ಕರಾರೇ ಇಲ್ಲವೆನ್ನುವುದು. ಕಾನೂನಿನ ಮಾತಿನಲ್ಲಿ ಅದು ಸುಳ್ಳೂ ಅಲ್ಲ. ಇದರ ಮೇಲೆ, ಕೊಳ್ಳುವಿಕೆಯೆಲ್ಲ ದೂರದ ಕೇಂದ್ರ ಕಚೇರಿಯಿಂದಲೇ ನಡೆಯುವುದರಿಂದ ಕಪಾಟಿನ ಜಾಗವೂ ಹೋಯಿತು.

ಆದಕಾರಣ ನಮ್ಮ ಮುಖ್ಯ ಬೇಡಿಕೆ ಇದು. ಸೂಪರ್ ಮಾರ್ಕೆಟ್ ಸರಣಿಯೊಂದರ ಮಳಿಗೆಗಳು ಕ್ರಯದಿಂದಾಗಲಿ, ಗುತ್ತಿಗೆಯ ಬದಲಾವಣೆಯಿಂದಾಗಲಿ ಮತ್ತೊಬ್ಬರ ವಶವಾಗುವಾಗ, ಹಳೆಯ ಹೆಸರಿನಲ್ಲಿ ಹೊರಡಿಸಿದ ವೋಚರು ಮತ್ತು ಮುಂಗಡಗಳ ಒಟ್ಟು ಮೊತ್ತ, ನೌಕರರ ಸೇವಾವಧಿಯ ಪಟ್ಟಿ, ಸಣ್ಣ ಸರಬರಾಜುದಾರರ ಬಾಕಿ, ಇವುಗಳಲ್ಲಿ ಯಾವುದರ ಹೊಣೆ ಯಾರದೆಂಬುದನ್ನು ಇಬ್ಬರೂ ಸಹಿ ಮಾಡಿದ ಋಣಘೋಷಣೆಯೊಂದರಲ್ಲಿ ನಮೂದಿಸಿ, ಅದನ್ನು ಹೊಸ ಫಲಕ ಏರುವುದಕ್ಕೆ 60 ದಿನಗಳ ಮುಂಚಿತವಾಗಿ ತಮ್ಮ ಇಲಾಖೆಗೂ ಕಾರ್ಮಿಕ ಇಲಾಖೆಗೂ ಸಲ್ಲಿಸಿ, ಆಯಾ ಅಂಗಡಿಯ ಬಾಗಿಲಿನಲ್ಲಿ ಕನ್ನಡದಲ್ಲಿ ತೂಗುಹಾಕತಕ್ಕದ್ದೆಂದು ನಿಯಮವಾಗಬೇಕು. ಇದಕ್ಕೆ ಹೊಸ ಕಚೇರಿ ಬೇಕಾಗಿಲ್ಲ. 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮದ ಮೇರೆಗೆ ನೋಂದಣಿ ಹೇಗೂ ಆಗಲೇಬೇಕು, ನಗರಪಾಲಿಕೆಯಿಂದ ಉದ್ದಿಮೆ ಪರವಾನಗಿ ಪಡೆಯಲೇಬೇಕು. ಆ ಅರ್ಜಿಗಳೊಡನೆ ಈ ಘೋಷಣೆ ಇಲ್ಲದಿದ್ದರೆ ಅವು ಅಪೂರ್ಣವೆಂದು ಹಿಂದಿರುಗಿಸಿದರೆ ಸಾಕು. ನಿಯಮಕ್ಕೆ ಶಾಸನದ ತಿದ್ದುಪಡಿಯೇ ಬೇಕೆಂದು ಕಾನೂನು ಇಲಾಖೆಯು ಹೇಳುವುದಾದರೆ, ಆ ತಿದ್ದುಪಡಿಯನ್ನು ಮುಂದಿನ ಅಧಿವೇಶನದಲ್ಲಿ ತರಬೇಕೆಂದು ಪ್ರಾರ್ಥಿಸುತ್ತೇವೆ.

ಅದರೊಡನೆ, ಅಂಗಡಿಯನ್ನು ಪಡೆದವರು ಹಳೆಯ ವೋಚರುಗಳನ್ನು ಕನಿಷ್ಠ ಆರು ತಿಂಗಳು ಅದೇ ಮೌಲ್ಯಕ್ಕೆ ಒಪ್ಪತಕ್ಕದ್ದೆಂದೂ, ಹಳೆಯವರಿಂದ ಅದನ್ನು ವಸೂಲು ಮಾಡಿಕೊಳ್ಳುವ ಲೆಕ್ಕ ಅವರವರೊಳಗೇ ತೀರತಕ್ಕದ್ದೆಂದೂ ವಿಧಿಸಬೇಕು. ರಾಜೀನಾಮೆಯೂ ಮರುನೇಮಕವೂ ಒಂದೇ ತಿಂಗಳಿನಲ್ಲಿ, ಒಂದೇ ಕಟ್ಟಡದಲ್ಲಿ ಆಗಿದ್ದರೆ ಅಂಥ ರಾಜೀನಾಮೆಯನ್ನು ಸ್ವಇಚ್ಛೆಯದೆಂದು ಎಣಿಸದೆ ಕಾರ್ಮಿಕ ಅಧಿಕಾರಿಗಳು ವಿಚಾರಣೆ ನಡೆಸಬೇಕು. ಮಾರಿದರೆ ದುಡ್ಡು ಎಂಬ ಕರಾರಿನ ಸರಕನ್ನು ಹಸ್ತಾಂತರಕ್ಕೆ ಮೊದಲೇ ಸರಬರಾಜುದಾರರಿಗೆ ಹಿಂದಿರುಗಿಸಬೇಕು.

ಚಿಕ್ಕ ಸಂಗತಿಗಳು ಇನ್ನೆರಡುಂಟು. ಹಳೆಯ ಸಂಸ್ಥೆ ತನ್ನ ಹೆಸರಿನಲ್ಲಿಯೇ ಪೊಟ್ಟಣ ಕಟ್ಟಿದ ಬೇಳೆ, ಸಕ್ಕರೆಗಳ ಮೇಲಣ ವಿವರಗಳನ್ನು ಹೊಸ ಚೀಟಿ ಅಂಟಿಸಿ ಮರೆಮಾಚದಂತೆ ಕಾನೂನು ಮಾಪನಶಾಸ್ತ್ರದ ನಿರೀಕ್ಷಕರು ನೋಡಿಕೊಳ್ಳಬೇಕು. 2011ರ ಪೊಟ್ಟಣ ಸರಕುಗಳ ನಿಯಮಗಳು ಇದಕ್ಕೆ ಸಾಲುವುವು. ಬಿಲ್ಲು ಮಾಡುವಾಗ ಕೊಟ್ಟ ಮೊಬೈಲ್ ನಂಬರುಗಳು ನಮ್ಮ ಒಪ್ಪಿಗೆಯಿಲ್ಲದೆ ಅಂಗಡಿಯ ಪೀಠೋಪಕರಣಗಳೊಡನೆ ಕೈಬದಲಾಗಕೂಡದು. ಹೊಸ ಫಲಕದಲ್ಲಿ ಶೇಕಡಾ 60 ಭಾಗ ಕನ್ನಡವಿರಬೇಕೆಂಬ 2024ರ ತಿದ್ದುಪಡಿಯನ್ನು ಇಲ್ಲಿ ನೆನಪಿಸಬೇಕಾಗಿಲ್ಲ. ಆ ಒಂದು ವಿಷಯದಲ್ಲಿ ಮಾತ್ರ ಹೊಸಬರು ಹಳಬರಿಗಿಂತ ಜಾಗರೂಕರಾಗಿರುವರೆಂದು ಸಂತೋಷದಿಂದ ಒಪ್ಪುತ್ತೇವೆ.

ವೋಚರುಗಳ ನಕಲುಗಳು, ಒಂದೇ ದಿನಾಂಕದ ರಾಜೀನಾಮೆ ಮತ್ತು ನೇಮಕಾತಿ ಪತ್ರಗಳ ಪ್ರತಿಗಳು ಹಾಗೂ ಮಹಿಳಾ ಸಂಘಗಳ ಬಾಕಿಯ ಲೆಕ್ಕಪತ್ರಗಳನ್ನು, ಸಂಬಂಧಪಟ್ಟವರ ಹೆಸರುಗಳು ಹೊರಬೀಳದಂತೆ ಮುಚ್ಚಿದ ಲಕೋಟೆಯಲ್ಲಿ ಇದರೊಡನೆ ಲಗತ್ತಿಸಿದ್ದೇವೆ. ಹೊಸ ಸಂಸ್ಥೆಯ ಉಳಿದ ಮಳಿಗೆಗಳ ನಾಮಾಂತರವು ಇನ್ನೂ ನಡೆಯುತ್ತಿರುವುದರಿಂದ, ಅದು ಮುಗಿಯುವುದಕ್ಕೆ ಮೊದಲು ಎರಡು ಸಂಸ್ಥೆಗಳ ಪ್ರತಿನಿಧಿಗಳನ್ನೂ ನಮ್ಮನ್ನೂ ಒಟ್ಟಿಗೆ ಕರೆಯಿಸಿ, ಮೈಸೂರಿನ ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ವಿಚಾರಣೆಯ ದಿನವೊಂದನ್ನು ಗೊತ್ತುಮಾಡಿ ತಿಳಿಸಬೇಕೆಂದು ಕೋರುತ್ತೇವೆ.

ಇಂತು ತಮ್ಮ ವಿಶ್ವಾಸಿಗಳಾದ,
ಅರ್ಜಿದಾರರು
ಮೈಸೂರು

ಪ್ರತಿ: ಕಾರ್ಮಿಕ ಆಯುಕ್ತರು, ಬೆಂಗಳೂರು, ಜಿಲ್ಲಾಧಿಕಾರಿಗಳು, ಮೈಸೂರು, ಆಯುಕ್ತರು, ಮೈಸೂರು ಮಹಾನಗರ ಪಾಲಿಕೆ.